ಬೂದಿಯ ಹುಡುಗಿ ಚಂದ್ರಲೋಕಕ್ಕೆ ಹೋದ ದಾರಿ

1634ನೆಯ ಇಸವಿಯಲ್ಲಿ ಯೂರೋಪು ಖಂಡದಲ್ಲಿ ಎರಡು ಪುಸ್ತಕಗಳು ಅಚ್ಚಾದವು. ಒಂದು ಇಟಲಿಯ ನೇಪಲ್ಸ್ ನಗರದಲ್ಲಿ, ಇನ್ನೊಂದು ಜರ್ಮನ್ ನಾಡಿನಲ್ಲಿ. ಒಂದು, ಬೀದಿಯ ಜನ ಆಡುವ ನುಡಿಯಲ್ಲಿ ಬರೆದ ಅಜ್ಜಿಯ ಕತೆಗಳ ಕಟ್ಟು. ಇನ್ನೊಂದು, ಪಂಡಿತರಿಗೆಂದು ಲ್ಯಾಟಿನ್ನಿನಲ್ಲಿ ಬರೆದ ಚಂದ್ರಲೋಕಯಾತ್ರೆ. ಎರಡರ ಕರ್ತೃಗಳೂ ಆ ವೇಳೆಗೆ ಕಾಲವಾಗಿದ್ದರು. ಎರಡನ್ನೂ ಹೊರತಂದವರು ಮನೆಯವರೇ. ನೇಪಲ್ಸಿನ ಪುಸ್ತಕದ ಕರ್ತೃ ಜಾಂಬತ್ತಿಸ್ತ ಬಾಸಿಲೆ. ಆತ 1632ರಲ್ಲಿ ತೀರಿಕೊಂಡ ಮೇಲೆ ಅದರ ಪ್ರಕಟಣೆಯನ್ನು ನೋಡಿಕೊಂಡವಳು ಹೆಸರಾಂತ ಗಾಯಕಿಯಾಗಿದ್ದ ಅವನ ತಂಗಿ ಆದ್ರಿಯಾನ ಎಂದು ಹೇಳುತ್ತಾರೆ. ಜರ್ಮನ್ ಪುಸ್ತಕದ ಕರ್ತೃ ಯೋಹಾನ್ನೆಸ್ ಕೆಪ್ಲರ್. ಹೌದು, ಗ್ರಹಗಳು ಸೂರ್ಯನನ್ನು ಸುತ್ತುವ ದಾರಿ ಅಂಡಾಕಾರದ್ದು ಎಂದು ಕಂಡುಹಿಡಿದ ಆ ಕೆಪ್ಲರನೇ. ಆತ 1630ರಲ್ಲಿ ಮಡಿದ. ಅವನ ಪುಸ್ತಕ ಹೊರಬಂದ ಬಗೆಯನ್ನು ಮುಂದೆ ಹೇಳಬೇಕಾಗಿದೆ, ಈಗ ಬೇಡ.

ಬಾಸಿಲೆಯ ಪುಸ್ತಕದಲ್ಲಿ ಬೂದಿಯ ಹುಡುಗಿಯ ಕತೆಯಿದೆ. ಇಂಗ್ಲಿಷಿನಲ್ಲಿ ಅವಳನ್ನು ಸಿಂಡರೆಲ್ಲ ಎನ್ನುತ್ತಾರೆ. ಕೆಪ್ಲರನ ಪುಸ್ತಕದ ಹೆಸರು ‘ಸೋಮ್ನಿಯಂ’, ಎಂದರೆ ಕನಸು. ಇದನ್ನೇ ಮೊತ್ತಮೊದಲ ವಿಜ್ಞಾನ ಕಥೆ ಎಂದು ಕರೆಯುವವರು ಅನೇಕರಿದ್ದಾರೆ. ಒಂದೇ ವರ್ಷ ಹುಟ್ಟಿದ ಈ ಎರಡು ಕೂಸುಗಳು ಬೇರೆ ಬೇರೆ ಮನೆಗಳಲ್ಲಿ ಬೆಳೆದವು. ಒಂದು ಅಡುಗೆಮನೆಯ ಕಡೆ ಹೋಯಿತು, ಇನ್ನೊಂದು ವೇಧಶಾಲೆಯ ಕಡೆ. ಇವೆರಡೂ ಒಂದೇ ಸೂರಿನಡಿ ಕುಳಿತು ಮಾತಾಡುವುದನ್ನು ನಾನು ಕಂಡದ್ದು ಈಚೆಗೆ, ಹರೆಯದ ಮಕ್ಕಳು ಓದುವ ಒಂದು ಅಮೆರಿಕನ್ ಕಾದಂಬರಿಮಾಲೆಯಲ್ಲಿ.

ಮಾಲೆಯ ಹೆಸರು ‘ದಿ ಲೂನಾರ್ ಕ್ರಾನಿಕಲ್ಸ್’. ಚಂದ್ರಚರಿತೆ ಎನ್ನೋಣ. ಬರೆದವರು ವಾಷಿಂಗ್ಟನ್ ಸಂಸ್ಥಾನದ ಟಕೋಮ ಪಟ್ಟಣದ ಮರಿಸ್ಸಾ ಮೆಯರ್. ಮೊದಲ ಕಾದಂಬರಿ ‘ಸಿಂಡರ್’ 2012ರಲ್ಲಿ ಬಂತು. ‘ಸ್ಕಾರ್ಲೆಟ್’ 2013ರಲ್ಲಿ, ‘ಕ್ರೆಸ್’ 2014ರಲ್ಲಿ, ‘ವಿಂಟರ್’ 2015ರಲ್ಲಿ. ನಡುವೆ, 2015ರಲ್ಲೇ, ಚಂದ್ರಲೋಕದ ರಾಣಿಯ ಪೂರ್ವಕತೆಯನ್ನು ಹೇಳುವ ‘ಫೇರೆಸ್ಟ್’ ಎಂಬ ಸಣ್ಣ ಪುಸ್ತಕವೊಂದು ಸೇರಿಕೊಂಡಿತು. ಹೊದಿಕೆಯ ಮೇಲಿನ ಕೆಂಪು ಪಾದರಕ್ಷೆಯನ್ನು ನೋಡಿ, ಇದು ದೊಡ್ಡವರು ಓದತಕ್ಕದ್ದಲ್ಲ ಎಂದು ನಾನು ಬದಿಗಿಟ್ಟಿದ್ದೆ. ಮನೆಯ ಮಕ್ಕಳು ಅಷ್ಟು ದಪ್ಪದ ನಾಲ್ಕು ಸಂಪುಟಗಳನ್ನು ಊಟ ಮರೆತು ಓದುವುದನ್ನು ಕಂಡ ಮೇಲೆ ಅಭಿಪ್ರಾಯ ಬದಲಾಯಿಸಿಕೊಳ್ಳಬೇಕಾಯಿತು.

ಕತೆ ನಡೆಯುವುದು ಬಹು ದೂರದ ಭವಿಷ್ಯದಲ್ಲಿ. ನಾಲ್ಕನೆಯ ಮಹಾಯುದ್ಧ ಮುಗಿದು ನೂರಕ್ಕೂ ಹೆಚ್ಚು ವರ್ಷಗಳಾಗಿವೆ. ಹಳೆಯ ಬೀಜಿಂಗ್ ಹಾಳಾಗಿ ಹೊಸ ಬೀಜಿಂಗ್ ಎದ್ದಿದೆ. ಅಲ್ಲಿನ ಸಂತೆಯಲ್ಲಿ ಒಂದು ರಿಪೇರಿ ಅಂಗಡಿ. ಅದರಲ್ಲಿ ಹದಿನಾರು ವರ್ಷದ ಒಬ್ಬ ಯಂತ್ರಕುಶಲೆ. ಅವಳೇ ಸಿಂಡರ್. ಒಂದು ಕೈ, ಒಂದು ಪಾದ, ಒಳಗಿನ ನರತಂತುಗಳು ಕೆಲವು ಲೋಹದವು. ಲೆಕ್ಕಕ್ಕೆ ನೂರಕ್ಕೆ 36ರಷ್ಟು ಅವಳು ಯಂತ್ರ. ಇಂಥವರಿಗೆ ಸೈಬೋರ್ಗ್ ಎಂದು ಹೆಸರು. ಈ ಮಾತು ಲೇಖಕಿಯ ಸೃಷ್ಟಿಯಲ್ಲ. 1960ರಲ್ಲಿ ಮ್ಯಾನ್‌ಫ್ರೆಡ್ ಕ್ಲೈನ್ಸ್, ನೇಥನ್ ಕ್ಲೈನ್ ಎಂಬಿಬ್ಬರು ವಿಜ್ಞಾನಿಗಳು ಆಕಾಶಯಾನಕ್ಕೆ ಮನುಷ್ಯನ ದೇಹವನ್ನು ಹೇಗೆ ಹೊಂದಿಸಬಹುದೆಂದು ಚರ್ಚಿಸುತ್ತ ಕಟ್ಟಿದ ಪದ. ಅವರ ಮನಸ್ಸಿನಲ್ಲಿದ್ದದ್ದು ಧೀರನಾದ ಗಗನಯಾತ್ರಿ. ಈ ಕತೆಯಲ್ಲಾದರೋ ಸೈಬೋರ್ಗ್ ಎಂಬುದು ಜಾತಿಗೆಟ್ಟವರ ಹೆಸರು. ಸಿಂಡರ್ ಕಾನೂನಿನ ಪ್ರಕಾರ ಸಾಕುತಾಯಿಯ ಸೊತ್ತು. ಗಳಿಸಿದ ಹಣ ಅವಳದಲ್ಲ. ಊರಿನಲ್ಲಿ ಪಿಡುಗೊಂದು ಹಬ್ಬಿದಾಗ ಔಷಧದ ಪ್ರಯೋಗಕ್ಕೆಂದು ಚೀಟಿಯೆತ್ತಿ ಹಿಡಿದೊಯ್ಯುವುದು ಇಂಥವರನ್ನೇ. ಸಾಕುತಾಯಿ ಅವಳನ್ನು ಆ ಪ್ರಯೋಗಕ್ಕೆ ಒಪ್ಪಿಸಿಬಿಡುತ್ತಾಳೆ. ಮಕ್ಕಳ ಕತೆ ಎಂದು ಓದಹೊರಟವನು ಇಲ್ಲಿಗೆ ಬಂದಾಗ ಕನ್ನಡಕ ಒರೆಸಿಕೊಂಡು ನೆಟ್ಟಗೆ ಕುಳಿತೆ.

ಕತೆ ಬೀಜಿಂಗಿಗೆ ಬಂದದ್ದು ಒಂದು ರೀತಿಯಲ್ಲಿ ತವರಿಗೆ ಬಂದಂತೆಯೇ. ಬಾಸಿಲೆಗೆ ಸುಮಾರು ಎಂಟುನೂರು ವರ್ಷ ಹಿಂದೆ, ಒಂಬತ್ತನೆಯ ಶತಮಾನದಲ್ಲಿ, ಚೀನದ ಥಾಂಗ್ ಅರಸರ ಕಾಲದ ದುವಾನ್ ಚೆಂಗ್‌ಷಿ ಎಂಬ ಅಧಿಕಾರಿ ಕಂಡದ್ದು ಕೇಳಿದ್ದನ್ನೆಲ್ಲ ಬರೆದಿಡುತ್ತಿದ್ದ. ದಕ್ಷಿಣ ಸೀಮೆಯ ಗುಹಾವಾಸಿಗಳ ಕಡೆಯ ಮನೆಯಾಳೊಬ್ಬ ಅವನಿಗೆ ಯೆ ಷಿಯನ್ ಎಂಬ ಹುಡುಗಿಯ ಕತೆ ಹೇಳಿದ. ತಾಯಿ ತಂದೆ ಇಬ್ಬರೂ ಇಲ್ಲದ ಆ ಹುಡುಗಿಗೆ ಮಲತಾಯಿ ಆಳವಾದ ಬಾವಿಯಿಂದ ನೀರು ಸೇದುವ ಕೆಲಸ ಹಚ್ಚಿದ್ದಳು. ಹುಡುಗಿ ಒಂದು ಮೀನನ್ನು ಸಾಕಿದಳು. ಕೆಂಪು ಈಜುರೆಕ್ಕೆ, ಹೊನ್ನಿನ ಕಣ್ಣು. ಮಲತಾಯಿ ಅದನ್ನು ಕೊಂದು ತಿಂದು ಮೂಳೆಗಳನ್ನು ತಿಪ್ಪೆಯಲ್ಲಿ ಹೂತಳು. ಆ ಮೂಳೆಗಳಿಗೆ ಮೊರೆಯಿಟ್ಟರೆ ಬೇಕಾದ್ದು ಸಿಗುತ್ತದೆಂದು ಆಕಾಶದಿಂದ ಇಳಿದುಬಂದವನೊಬ್ಬ ತಿಳಿಸಿದ. ಹಬ್ಬಕ್ಕೆ ಹೋಗಲು ಮಿಂಚುಳ್ಳಿಯ ಗರಿಯ ಉಡುಪು, ಚಿನ್ನದ ಮೆಟ್ಟು ಸಿಕ್ಕಿದವು. ಒಂದು ಮೆಟ್ಟು ಕಳಚಿಬಿತ್ತು. ಅದು ಕೈಯಿಂದ ಕೈಗೆ ಸಾಗಿ ದ್ವೀಪದ ದೊರೆಯೊಬ್ಬನಿಗೆ ಮುಟ್ಟಿತು. ಆ ದೊರೆ ಅವಳನ್ನು ಹುಡುಕಿ ಮದುವೆಯಾದ. ಆಮೇಲೆ ಸುಖವಾಗಿದ್ದರೆಂದು ದುವಾನ್ ಬರೆದಿಲ್ಲ! ದೊರೆ ದುರಾಸೆಯಿಂದ ಮೀನಿನ ಮೂಳೆಗಳನ್ನು ರತ್ನಕ್ಕಾಗಿ ಪೀಡಿಸಿದ. ಒಂದು ವರ್ಷ ಕಳೆದ ಮೇಲೆ ಅವು ಕೊಡುವುದನ್ನು ನಿಲ್ಲಿಸಿದವು. ಕೊನೆಗೆ ಮೂಳೆಗಳನ್ನು ಕಡಲತೀರದಲ್ಲಿ ಹೂಳಿದ. ತೆರೆ ಬಂದು ಒಯ್ದುಬಿಟ್ಟಿತು.

ಯೂರೋಪಿನ ವಿದ್ವಾಂಸರಿಗೆ ಈ ಚೀನೀ ಕತೆಯ ಅರಿವು ಬಂದದ್ದು ತಡವಾಗಿ. ಮರಿಯನ್ ರೋಲ್ಫ್ ಕಾಕ್ಸ್ ಎಂಬ ಇಂಗ್ಲಿಷ್ ಮಹಿಳೆ 1893ರಲ್ಲಿ ಈ ಕತೆಯ 345 ಪಾಠಗಳನ್ನು ಕಲೆಹಾಕಿ ಪುಸ್ತಕ ಮಾಡಿದಳು. ಇಷ್ಟು ದುಡಿದವಳ ಪಟ್ಟಿಯಲ್ಲೂ ಯೆ ಷಿಯನ್ ಇರಲಿಲ್ಲ. 1911ರಲ್ಲಿ ಜಪಾನಿನ ಮಿನಕತ ಕುಮಗುಸು ಅದನ್ನು ಎತ್ತಿ ತೋರಿಸಿದರು; 1947ರಲ್ಲಿ ಆರ್ಥರ್ ವೇಲಿ ಅದನ್ನು ಇಂಗ್ಲಿಷಿನಲ್ಲಿ ಚರ್ಚಿಸಿದರು.

ಇಲ್ಲಿ ನಮ್ಮ ಕಡೆಯ ಮಾತೊಂದನ್ನು ಹೇಳದೆ ಮುಂದೆ ಹೋಗಲಾಗದು. ಎ. ಕೆ. ರಾಮಾನುಜನ್ ಅವರು ಕನ್ನಡದಲ್ಲಿ ಸಂಗ್ರಹಿಸಿದ ‘ಹಂಚಿ’ ಎಂಬ ಜನಪದ ಕತೆ 1982ರಲ್ಲಿ ಅಲನ್ ಡಂಡಿಸ್ ಸಂಪಾದಿಸಿದ ಸಿಂಡರೆಲ್ಲ ಲೇಖನಸಂಗ್ರಹದಲ್ಲಿ ಇಂಗ್ಲಿಷಾಗಿ ಸೇರಿತು. ಬಂಗಾರದ ಕೂದಲಿನ ಹುಡುಗಿ. ಆ ಕೂದಲಿಗೆ ಮರುಳಾದವನು ಬೇರಾರೂ ಅಲ್ಲ, ಒಡಹುಟ್ಟಿದ ಅಣ್ಣ. ತಾಯಿ ಎದೆಯೊಡೆದುಕೊಂಡು, ಮಗಳಿಗೆ ಮಣ್ಣಿನ ಮುಖವಾಡ ಮಾಡಿಸಿ ತೊಡಿಸಿ ಮನೆ ಬಿಡಿಸುತ್ತಾಳೆ. ಹಂಚಿನ ಮುಖದವಳಾದ್ದರಿಂದ ಹಂಚಿ. ಸಾಹುಕಾರನ ಮನೆಯಲ್ಲಿ ದುಡಿಯುತ್ತಿದ್ದಾಗ ಆ ಮನೆಯ ಕಿರಿಯ ಮಗ ಅವಳ ನಿಜವಾದ ಮುಖವನ್ನು ಕಾಣುತ್ತಾನೆ. ಮೆಟ್ಟಿನ ಮಾತು ಈ ಕತೆಯಲ್ಲಿಲ್ಲ. ಮಲತಾಯಿಯೂ ಇಲ್ಲ. ಹುಡುಗಿಯನ್ನು ಮರೆಮಾಚುವವಳು ಹೆತ್ತ ತಾಯಿ, ಅದೂ ಅವಳನ್ನು ಉಳಿಸಲೆಂದು. ಈ ಒಂದು ಸಂಗತಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡಿರಬೇಕೆಂದು ಬೇಡುತ್ತೇನೆ.

ಇನ್ನು ಬಾಸಿಲೆಯ ಹುಡುಗಿ. ಅವಳ ಹೆಸರು ಜೆಜೊಲ್ಲ. ಹೂವಿನಂಥವಳೆಂದು ತಿಳಿದರೆ ಮೋಸ ಹೋಗುತ್ತೀರಿ. ಮೊದಲ ಮಲತಾಯಿಯನ್ನು ಪೆಟ್ಟಿಗೆಯೊಳಗೆ ಬಗ್ಗಿಸಿ ಮುಚ್ಚಳವನ್ನು ಕೊರಳ ಮೇಲೆ ಕೆಡವಿ ಕೊಂದವಳು ಅವಳೇ! ಹಾಗೆ ಮಾಡೆಂದು ಉಪದೇಶಿಸಿದ ಪಾಠದ ಗುರುವಮ್ಮ ತಾನೇ ಎರಡನೆಯ ಮಲತಾಯಿಯಾಗಿ ಬಂದು, ಬಚ್ಚಿಟ್ಟಿದ್ದ ಆರು ಹೆಣ್ಣುಮಕ್ಕಳನ್ನು ಹೊರತೆಗೆದು, ಜೆಜೊಲ್ಲಳನ್ನು ಒಲೆಯ ಬೂದಿಗೆ ತಳ್ಳಿದಳು. ಕೊನೆಗೆ ದೊರೆ ಮೆಟ್ಟು ತಂದಾಗ ಅದು ತಾನಾಗಿ ಹಾರಿ ಅವಳ ಕಾಲಿಗೆ ಅಂಟಿಕೊಂಡಿತು. ಸೂಜಿಗಲ್ಲಿಗೆ ಕಬ್ಬಿಣ ಅಂಟಿದಂತೆ ಎಂದು ಬಾಸಿಲೆ ಹೋಲಿಕೆ ಕೊಡುತ್ತಾನೆ. ಲೋಹದ ಪಾದದ ಹುಡುಗಿಯ ಕತೆಯನ್ನು ಓದಿದ ಮೇಲೆ ಈ ಹೋಲಿಕೆಯನ್ನು ಮತ್ತೆ ನೋಡಿದಾಗ ನಗು ಬಂತು.

1697ರಲ್ಲಿ ಪ್ಯಾರಿಸಿನ ಶಾರ್ಲ್ ಪೆರೋ ಈ ಕತೆಗೆ ಗಾಜಿನ ಪಾದುಕೆ, ಕುಂಬಳಕಾಯಿಯ ಸಾರೋಟು, ನಡುರಾತ್ರಿಯ ಗಡುವು ಇವನ್ನೆಲ್ಲ ತೊಡಿಸಿದ. ಆತ ಹದಿನಾಲ್ಕನೆಯ ಲೂಯಿ ದೊರೆಯ ಆಡಳಿತದಲ್ಲಿ ಪಳಗಿದವನು. ಅವನ ಹುಡುಗಿ ಅಕ್ಕಂದಿರನ್ನು ಕ್ಷಮಿಸಿ ಅರಮನೆಯಲ್ಲೇ ಗಂಡು ನೋಡಿ ಮದುವೆ ಮಾಡಿಸುತ್ತಾಳೆ. 1812ರಲ್ಲಿ ಗ್ರಿಮ್ ಸಹೋದರರ ಪಾಠ ಬಂತು. ಇದರಲ್ಲಿ ತಾಯಿಯ ಗೋರಿಯ ಮೇಲೆ ಬೆಳೆದ ಮರ. ಮೆಟ್ಟು ಹಿಡಿಸಲೆಂದು ಒಬ್ಬ ಅಕ್ಕ ಬೆರಳನ್ನು ಕತ್ತರಿಸಿಕೊಂಡರೆ ಇನ್ನೊಬ್ಬಳು ಹಿಮ್ಮಡಿಯನ್ನು ಕೊಯ್ದುಕೊಳ್ಳುತ್ತಾಳೆ.

ಸಾವಿರ ವರ್ಷ ಎಲ್ಲರೂ ಮೆಟ್ಟಿನ ಅಳತೆಯನ್ನೇ ಹಿಡಿದು ಕುಳಿತರು. ಕಾಲು ಹೊಂದಬೇಕು, ಹೊಂದದಿದ್ದರೆ ಕತ್ತರಿಸಬೇಕು. ಮೆಯರ್ ಅವರ ಕಾದಂಬರಿ ತೊಡಗುವುದೇ, ಸಿಂಡರ್ ತನಗೆ ಚಿಕ್ಕದಾಗಿಹೋದ ಲೋಹದ ಪಾದವನ್ನು ಸ್ಕ್ರೂ ಬಿಚ್ಚಿ ತೆಗೆಯುವುದರಿಂದ. ಬೆಳೆಯುವ ಹುಡುಗಿಗೆ ಹನ್ನೊಂದರ ವಯಸ್ಸಿನ ಪಾದ ಹೇಗೆ ಸಾಕಾದೀತು? ಮುಂದೆ ಅರಮನೆಯ ನೃತ್ಯಕ್ಕೆ ಅವಳು ಹೋಗುವುದು ತಾನೇ ದುರಸ್ತು ಮಾಡಿದ, ಕುಂಬಳದ ಬಣ್ಣದ ಹಳೇ ಪೆಟ್ರೋಲು ಕಾರಿನಲ್ಲಿ. ಕಾಲಿಗೆ ಮತ್ತೆ ಅದೇ ಚಿಕ್ಕ ಪಾದ. ಮೆಟ್ಟಿಲಿಳಿದು ಓಡುವಾಗ ಕಳಚಿಬೀಳುವುದು ಪಾದರಕ್ಷೆಯಲ್ಲ, ಪಾದವೇ. ರಾಜಕುಮಾರನ ಕಣ್ಣೆದುರಿಗೆ, ಎಲ್ಲ ಅತಿಥಿಗಳ ಎದುರಿಗೆ, ತಾನು ಎಂಥವಳೆಂದು ಬಯಲಾಗುತ್ತದೆ. ಹಳೆಯ ಕತೆಯಲ್ಲಿ ಮೆಟ್ಟು ಅವಳ ಮಾನ ಉಳಿಸುವ ಸಾಕ್ಷಿ. ಇಲ್ಲಿ ಅದೇ ಅವಳನ್ನು ಸೆರೆಮನೆಗೆ ದೂಡುವ ಸಾಕ್ಷಿ. ಈ ಒಂದು ದೃಶ್ಯಕ್ಕಾಗಿ ಮೊದಲ ಸಂಪುಟದ ಅಲ್ಲಲ್ಲಿನ ಜಾಳುತನವನ್ನು ನಾನು ಮನ್ನಿಸಿದ್ದೇನೆ.

ಉಳಿದ ಮೂರು ಹುಡುಗಿಯರಿಗೂ ಇಂಥದೇ ವಂಶಾವಳಿಯಿದೆ. ಎಲ್ಲವನ್ನೂ ಬಿಡಿಸಿ ಹೇಳಿದರೆ ಸಂಚಿಕೆಯ ಪುಟಗಳು ಮುಗಿದುಹೋಗುತ್ತವೆ. ಸ್ಕಾರ್ಲೆಟ್ ಎಂಬವಳು ಫ್ರಾನ್ಸಿನ ಹಳ್ಳಿಯ ರೈತರ ಹುಡುಗಿ. ಕೆಂಪು ಮುಸುಕಂಗಿ ತೊಟ್ಟು, ಕಾಣೆಯಾದ ಅಜ್ಜಿಯನ್ನು ಹುಡುಕಿ ಹೊರಡುತ್ತಾಳೆ. ತೋಳ ಇಲ್ಲಿ ಚಂದ್ರಲೋಕದವರು ದೇಹ ತಿದ್ದಿ ಮಾಡಿದ ಸೈನಿಕ. ಪೆರೋ ಬರೆದ ಕೆಂಪು ಟೋಪಿಯ ಹುಡುಗಿ ತೋಳನ ಹೊಟ್ಟೆ ಸೇರಿ ಕತೆ ಮುಗಿಯುತ್ತದೆ. ಗ್ರಿಮ್ಮರು ಬೇಟೆಗಾರನನ್ನು ತಂದು ಹೊಟ್ಟೆ ಕುಯ್ಯಿಸಿದರು. ಆದರೆ ಫ್ರಾನ್ಸಿನ ರೈತರ ಬಾಯಲ್ಲಿದ್ದ ಪಾಠವನ್ನು 1951ರಲ್ಲಿ ಪಾಲ್ ದೆಲಾರ್ಯು ಬೆಳಕಿಗೆ ತಂದರು. ಅದರಲ್ಲಿ ಹುಡುಗಿಯನ್ನು ಯಾರೂ ಬಿಡಿಸುವುದಿಲ್ಲ. ಹೊರಕಡೆಗೆ ಹೋಗಬೇಕು ಎಂದು ನೆಪ ಹೇಳಿ, ಕಾಲಿಗೆ ಕಟ್ಟಿದ ದಾರವನ್ನು ಅಂಗಳದ ಮರಕ್ಕೆ ಕಟ್ಟಿ, ತಾನೇ ತಪ್ಪಿಸಿಕೊಂಡು ಮನೆ ಸೇರುತ್ತಾಳೆ. ರೈತರ ಮನೆಯ ಹುಡುಗಿಗೆ ಇದ್ದ ಜಾಣತನವನ್ನು ಅರಮನೆಯ ಪಂಡಿತರು ಕಸಿದುಕೊಂಡರು. ಅದು ಈಗ ಹಿಂದಕ್ಕೆ ಬಂದಿದೆ.

ಕ್ರೆಸ್ ಎಂಬವಳು ಗೋಪುರದ ಬದಲು ಭೂಮಿಯನ್ನು ಸುತ್ತುವ ಕೃತಕ ಉಪಗ್ರಹದಲ್ಲಿ ಏಳು ವರ್ಷ ಒಬ್ಬಂಟಿಯಾಗಿ ಕೂಡಿಹಾಕಲ್ಪಟ್ಟವಳು. ಕೂದಲು ಕತ್ತರಿಸದೆ ನೆಲ ಮುಟ್ಟಿದೆ. ಈಕೆಯ ಪೂರ್ವಜೆಯೂ ಬಾಸಿಲೆಯ ಪುಸ್ತಕದವಳೇ. ಅಲ್ಲಿಂದ ಫ್ರಾನ್ಸಿನ ಶಾರ್ಲಾಟ್-ರೋಜ್ ದ ಲಾ ಫೋರ್ಸ್ ಎಂಬ ಶ್ರೀಮಂತ ಮಹಿಳೆಯ ಲೇಖನಿಗೆ ಬಂದಳು. ದೊರೆಯ ಅವಕೃಪೆಗೆ ಸಿಕ್ಕಿ ಸನ್ಯಾಸಿನಿಯರ ಮಠಕ್ಕೆ ಅಟ್ಟಲ್ಪಟ್ಟವಳು ಗೋಪುರದಲ್ಲಿ ಕೂಡಿಹಾಕಿದ ಹುಡುಗಿಯ ಕತೆ ಬರೆದಳೆಂಬುದು ಚೆನ್ನಾಗಿಯೇ ಒಪ್ಪುತ್ತದೆ. ಅದು ಜರ್ಮನ್ ಭಾಷೆಗೆ ತರ್ಜುಮೆಯಾಗಿ, ಅಲ್ಲಿಂದ ಗ್ರಿಮ್ಮರ ಕೈಗೆ ಬಂದು, ಅಚ್ಚ ಜರ್ಮನ್ ಜನಪದ ಕತೆ ಎನಿಸಿಕೊಂಡಿತು! ಗ್ರಿಮ್ಮರ ರಾಜಕುಮಾರ ಗೋಪುರದಿಂದ ಮುಳ್ಳಿನ ಮೇಲೆ ಬಿದ್ದು ಕುರುಡನಾಗಿ ಕಾಡಿನಲ್ಲಿ ಅಲೆಯುತ್ತಾನೆ. ಮೆಯರ್ ಅವರ ನಾಯಕ ಉಪಗ್ರಹದೊಡನೆ ಸಹಾರಾ ಮರುಭೂಮಿಯಲ್ಲಿ ಬಿದ್ದು ಕಣ್ಣು ಕಳೆದುಕೊಳ್ಳುತ್ತಾನೆ. ಅವನ ಹೆಸರು ಥಾರ್ನ್, ಎಂದರೆ ಮುಳ್ಳು. ನೆಲವನ್ನೇ ಮೆಟ್ಟದಿದ್ದ ಹುಡುಗಿ ಕುರುಡನ ಕೈಹಿಡಿದು ಮರಳಿನಲ್ಲಿ ನಡೆಸುತ್ತಾಳೆ. ನಾಲ್ಕು ಸಂಪುಟಗಳಲ್ಲಿ ನನಗೆ ಹೆಚ್ಚು ಪ್ರಿಯವಾದ ಪುಟಗಳು ಇವು.

ಈಗ ಚಂದ್ರನ ರಾಣಿಯ ಮಾತು. ಹಿಮದಂಥ ಹುಡುಗಿಯ ಕತೆ ನಮ್ಮಲ್ಲಿ ಅನೇಕರಿಗೆ 1937ರ ಡಿಸ್ನಿ ಚಲಚ್ಚಿತ್ರದಿಂದ ಗೊತ್ತು. ಗೋಡೆಯ ಕನ್ನಡಿಯೊಡನೆ ಮಾತಾಡುವ ರಾಣಿ, ಹೊಟ್ಟೆಕಿಚ್ಚು, ವಿಷದ ಸೇಬು. ಮೆಯರ್ ಅವರ ರಾಣಿಯ ಅರಮನೆಯಲ್ಲಿ ಕನ್ನಡಿಯೇ ಇಲ್ಲ. ಚಂದ್ರಲೋಕದವರಿಗೆ ಇನ್ನೊಬ್ಬರ ಮನಸ್ಸಿನ ಮೇಲೆ ಮಾಯೆ ಬೀಸುವ ಶಕ್ತಿಯಿದೆ. ತಾವು ಹೇಗೆ ಕಾಣಬೇಕೋ ಹಾಗೆ ಕಾಣಬಲ್ಲರು. ಆ ಮಾಯೆ ಕನ್ನಡಿಗೆ ತಾಗುವುದಿಲ್ಲ. ಎಳೆಯದರಲ್ಲಿ ಸ್ವಂತ ಅಕ್ಕನೇ ಬೆಂಕಿಗೆ ನೂಕಿ ಸುಟ್ಟ ಮುಖ ಅವಳದು. ಅದನ್ನು ಯಾರೂ ನೋಡಕೂಡದು, ತಾನೂ ನೋಡಕೂಡದು. ನಮ್ಮ ಹಂಚಿ ಚೆಲುವನ್ನು ಮಣ್ಣಿನ ಕೆಳಗೆ ಬಚ್ಚಿಟ್ಟಳು. ಈಕೆ ಗಾಯವನ್ನು ಚೆಲುವಿನ ಕೆಳಗೆ ಬಚ್ಚಿಟ್ಟಿದ್ದಾಳೆ. ಮಲಮಗಳು ವಿಂಟರ್ ಮಾತ್ರ ಆ ಶಕ್ತಿಯನ್ನು ಎಂದಿಗೂ ಬಳಸೆನೆಂದು ಹಟ ಹಿಡಿದು, ಅದರ ಫಲವಾಗಿ ಬುದ್ಧಿಭ್ರಮಣೆಗೆ ತುತ್ತಾಗುತ್ತಾಳೆ.

ಭೂಮಿಯವರು ಈ ರಾಣಿಯನ್ನು ಮಾಟಗಾತಿ ಎನ್ನುತ್ತಾರೆ. ಅವಳ ಹೆಸರು ಲೆವಾನ. ಹೀಬ್ರೂ ಭಾಷೆಯಲ್ಲಿ ಲೆವಾನ ಎಂದರೆ ಚಂದ್ರ. ಆ ಹೀಬ್ರೂ ಪದದಿಂದಲೇ ಕೆಪ್ಲರ್ ತನ್ನ ‘ಸೋಮ್ನಿಯಂ’ ಕತೆಯಲ್ಲಿ ಚಂದ್ರಲೋಕಕ್ಕೆ ಲೆವಾನಿಯ ಎಂದು ಹೆಸರಿಟ್ಟಿದ್ದ.

ಈ ಹೆಸರಿನ ಜಾಡು ಹಿಡಿದೇ ನಾನು ಕೆಪ್ಲರನ ಪುಸ್ತಕಕ್ಕೆ ಹೋದದ್ದು. ಅದು ಹೀಗಿದೆ. ಐಸ್‌ಲೆಂಡ್ ದ್ವೀಪದಲ್ಲಿ ಡುರಾಕೊಟಸ್ ಎಂಬ ಹುಡುಗ. ತಾಯಿ ಫಿಯೋಲ್ಕ್ಸ್‌ಹಿಲ್ಡೆ ಗಿಡಮೂಲಿಕೆ ಬಲ್ಲವಳು, ಮೂಲಿಕೆ ತುಂಬಿದ ಚೀಲಗಳನ್ನು ನಾವಿಕರಿಗೆ ಮಾರಿ ಬದುಕುವವಳು. ಮಗ ಒಂದು ಚೀಲವನ್ನು ಕೊಯ್ದು ನೋಡಿಬಿಟ್ಟ. ಸಿಟ್ಟಿನಲ್ಲಿ ತಾಯಿ ಅವನನ್ನು ಹಡಗಿನವನಿಗೆ ಕೊಟ್ಟುಬಿಟ್ಟಳು. ಹುಡುಗ ಖಗೋಳಜ್ಞ ಟೈಕೋ ಬ್ರಾಹೆಯ ದ್ವೀಪ ಸೇರಿ ವರ್ಷಗಟ್ಟಲೆ ನಕ್ಷತ್ರವಿದ್ಯೆ ಕಲಿತು ಮರಳಿ ಬಂದ. ತಾಯಿ ಸಂತೋಷಗೊಂಡು, ನೀನು ಓದಿ ತಿಳಿದದ್ದನ್ನು ನಾನು ಬೇರೆ ದಾರಿಯಿಂದ ಬಲ್ಲೆ ಎಂದು, ಒಂದು ಭೂತವನ್ನು ಕರೆದಳು. ಆ ಭೂತವೇ ಚಂದ್ರನಿಂದ ಭೂಮಿ ಹೇಗೆ ಕಾಣುತ್ತದೆ, ಅಲ್ಲಿ ಹಗಲು ಎಷ್ಟು, ಇರುಳು ಎಷ್ಟು ಎಂದು ವಿವರಿಸುತ್ತದೆ. ಭೂಮಿ ತಿರುಗುತ್ತದೆಂದು ನೇರವಾಗಿ ಹೇಳಿದರೆ ಕೇಳದವರಿಗೆ, ಚಂದ್ರನ ಮೇಲೆ ನಿಲ್ಲಿಸಿ ತೋರಿಸುವ ಉಪಾಯ ಅದು.

ಕೈಬರಹದ ಪ್ರತಿಯೊಂದು 1611ರಲ್ಲಿ ಕೆಪ್ಲರನ ಕೈಬಿಟ್ಟು ಹೋಯಿತು. ಊರೂರಿನಲ್ಲಿ, ಕ್ಷೌರದಂಗಡಿಗಳಲ್ಲಿ ಕೂಡ, ಜನ ಅದರ ಬಗ್ಗೆ ಆಡಿಕೊಂಡರೆಂದು ಅವನೇ ಬರೆದಿದ್ದಾನೆ. ಕತೆಗಾರ ಖಗೋಳಜ್ಞ, ಕತೆಯಲ್ಲಿನ ಖಗೋಳಜ್ಞನ ತಾಯಿ ಭೂತ ಕರೆಯುವವಳು, ಅಂದಮೇಲೆ ಕತೆಗಾರನ ತಾಯಿ?

ಕೆಪ್ಲರನ ತಾಯಿ ಕಾತರೀನ ಲೆಯೋನ್‌ಬೆರ್ಗ್ ಎಂಬ ಊರಿನಲ್ಲಿದ್ದಳು. ಗಂಡ ಎಂದೋ ಮನೆಬಿಟ್ಟು ಹೋಗಿದ್ದ. ಬಾಯಿ ಜೋರು, ಮೂಲಿಕೆಯ ಮದ್ದು ಕೊಡುತ್ತಿದ್ದಳು. 1577ರಲ್ಲಿ ದೊಡ್ಡ ಧೂಮಕೇತು ಮೂಡಿದಾಗ ಆರು ವರ್ಷದ ಮಗನನ್ನು ದಿಬ್ಬಕ್ಕೆ ಕರೆದೊಯ್ದು ತೋರಿಸಿದವಳು ಈ ತಾಯಿಯೇ. 1615ರಲ್ಲಿ, ಗಾಜಿನ ಕೆಲಸದವನೊಬ್ಬನ ಹೆಂಡತಿ, ಕಾತರೀನ ಕೊಟ್ಟ ಪಾನೀಯ ಕುಡಿದು ತನಗೆ ಕಾಯಿಲೆ ಬಂತೆಂದು ಮಾಟದ ದೂರು ಹೊರಿಸಿದಳು. ಬೆಂಕಿಗೆ ಉಳಿದವರೂ ಸೌದೆ ತಂದರು. ತಂದೆಯ ತಲೆಬುರುಡೆಯನ್ನು ಅಗೆದು ತೆಗೆಸಿ ಮಗನಿಗೆ ಪಾನಪಾತ್ರೆ ಮಾಡಿಸಬೇಕೆಂದಿದ್ದಳು ಎಂಬುದೂ ಆರೋಪಗಳಲ್ಲಿ ಒಂದು. 1620ರ ಆಗಸ್ಟಿನಲ್ಲಿ, ಎಪ್ಪತ್ತು ದಾಟಿದ ಮುದುಕಿಯನ್ನು ಹಿಡಿದು ಸರಪಳಿಯಲ್ಲಿಟ್ಟರು. ಮಗ ಲಿಂಟ್ಸ್ ನಗರದಿಂದ ಕೆಲಸ ಬಿಟ್ಟು ಬಂದು ತಾನೇ ವಾದಕ್ಕೆ ನಿಂತ. ಒಂದೊಂದು ಆರೋಪಕ್ಕೂ, ಕಾಯಿಲೆಗೆ ಸಹಜ ಕಾರಣವೇನು, ಸಾಕ್ಷಿಯ ಮಾತು ಎಲ್ಲಿ ತಪ್ಪಿದೆ ಎಂದು, ಗ್ರಹಗತಿಯ ಲೆಕ್ಕ ಹಾಕಿದ ಕೈಯಿಂದಲೇ ಉತ್ತರ ಬರೆದ. 1621ರ ಸೆಪ್ಟೆಂಬರಿನಲ್ಲಿ ಚಿತ್ರಹಿಂಸೆಯ ಸಾಮಾನುಗಳನ್ನು ಅವಳ ಮುಂದಿಟ್ಟು ಹೆದರಿಸಿದರು. ಮುದುಕಿ ಒಪ್ಪಲಿಲ್ಲ. ಸುಮಾರು ಹದಿನಾಲ್ಕು ತಿಂಗಳು ಸೆರೆಯಲ್ಲಿದ್ದು ಬಿಡುಗಡೆಯಾದಳು. 1622ರ ಏಪ್ರಿಲಿನಲ್ಲಿ ತೀರಿಕೊಂಡಳು.

ತನ್ನ ಕತೆಯೇ ತಾಯಿಯ ಕೊರಳಿಗೆ ಉರುಳಾಯಿತೆಂಬ ನೋವು ಕೆಪ್ಲರನನ್ನು ಬಿಡಲಿಲ್ಲ. ಮುಂದಿನ ವರ್ಷಗಳಲ್ಲಿ ಆ ಚಿಕ್ಕ ಕತೆಗೆ 223 ಟಿಪ್ಪಣಿಗಳನ್ನು ಬರೆದ. ಕತೆಗಿಂತ ಟಿಪ್ಪಣಿಯೇ ದೊಡ್ಡದಾಯಿತು. ಆ ತಾಯಿ ಯಾರ ತಾಯಿಯೂ ಅಲ್ಲ, ಭೂತವೆಂದರೆ ನಕ್ಷತ್ರವಿದ್ಯೆ, ಮಾಟವೆಂದರೆ ಅನುಭವದ ಅರಿವು ಎಂದು ಬಿಡಿಸಿ ಬಿಡಿಸಿ ಹೇಳಿದ.

ಮೂಲಿಕೆ ಬಲ್ಲ ಒಂಟಿ ಮುದುಕಿ, ವಿಷದ ಬಟ್ಟಲು, ಭೂತ. ಅಜ್ಜಿಕತೆಗಳ ಮಾಟಗಾತಿಯ ಸಲಕರಣೆಯೆಲ್ಲ ಲೆಯೋನ್‌ಬೆರ್ಗಿನ ನ್ಯಾಯಸ್ಥಾನದ ಕಾಗದಗಳಲ್ಲಿದೆ. ಗ್ರಿಮ್ ಸಹೋದರರು ಕತೆ ಕೂಡಿಸಿದ್ದು ಇದೇ ಜರ್ಮನ್ ನಾಡುಗಳಲ್ಲಿ, ಇನ್ನೂರು ವರ್ಷ ಆದ ಮೇಲೆ. ಅವರು ಮಾಡಿದ ಒಂದು ತಿದ್ದುಪಡಿ ಹೆಚ್ಚು ಜನಕ್ಕೆ ಗೊತ್ತಿಲ್ಲ. 1812ರ ಮೊದಲ ಮುದ್ರಣದಲ್ಲಿ ಹಿಮದಂಥ ಹುಡುಗಿಯನ್ನು ಕೊಲ್ಲಿಸಲು ಹೊರಟವಳು ಮಲತಾಯಿಯಲ್ಲ, ಹೆತ್ತ ತಾಯಿ. 1819ರ ಎರಡನೆಯ ಮುದ್ರಣದಲ್ಲಿ ಹೆತ್ತವಳನ್ನು ಸಾಯಿಸಿ ಆ ಜಾಗಕ್ಕೆ ಮಲತಾಯಿಯನ್ನು ಕೂರಿಸಿದರು. ಕಾಡಿನಲ್ಲಿ ಮಕ್ಕಳನ್ನು ಬಿಟ್ಟುಬರುವ ಹ್ಯಾನ್ಸೆಲ್ ಗ್ರೆಟೆಲ್ ಕತೆಯ ತಾಯಿ 1840ರ ಮುದ್ರಣದಲ್ಲಿ ಮಲತಾಯಿಯಾದಳು. ತಾಯಿ ಎಂಬ ಹೆಸರು ಕೆಡಬಾರದೆಂಬ ಒಳ್ಳೆಯ ಉದ್ದೇಶವೇ ಇರಬೇಕು. ಆದರೆ ಕೆಟ್ಟ ಹೆಸರನ್ನು ಎಲ್ಲಿಯೋ ಇಡಬೇಕಲ್ಲ. ಎರಡನೆಯವಳಾಗಿ ಮನೆಗೆ ಬಂದ ಹೆಂಗಸಿನ ತಲೆಯ ಮೇಲೆ ಇಟ್ಟರು. ಮೆಯರ್ ಅವರೂ ಈ ಹಳೆಯ ದಾರಿಯನ್ನು ಪೂರ್ತಿ ಬಿಟ್ಟಿಲ್ಲ. ಸಿಂಡರಳ ಸಾಕುತಾಯಿ ಕೊನೆಯವರೆಗೂ ಒರಟಾಗಿಯೇ ಉಳಿಯುತ್ತಾಳೆ. ತಂಗಿಯರಲ್ಲಿ ಕಿರಿಯವಳು ಮಾತ್ರ ಒಳ್ಳೆಯವಳು, ಅವಳನ್ನು ಪಿಡುಗು ಬೇಗ ಒಯ್ಯುತ್ತದೆ. ಲೆವಾನ ರಾಣಿಗೆ ‘ಫೇರೆಸ್ಟ್’ ಪುಸ್ತಕದಲ್ಲಿ ಬಾಲ್ಯವನ್ನೂ ಸುಟ್ಟ ಮುಖವನ್ನೂ ಕೊಟ್ಟು, ಇವಳು ಹೀಗೇಕೆ ಆದಳೆಂದು ಕೇಳುವ ದಿಟ್ಟತನ ತೋರಿಸಿದ್ದಾರೆ. ಅದರ ಹತ್ತರಲ್ಲೊಂದು ಪಾಲು ಕರುಣೆ ಆ ಸಾಕುತಾಯಿಗೂ ಸಿಕ್ಕಿದ್ದರೆ ಮಾಲೆ ಇನ್ನಷ್ಟು ತೂಕದ್ದಾಗುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಕೆಪ್ಲರನ ಪುಸ್ತಕ ಹೊರಬಂದ ಬಗೆ ಹೇಳುತ್ತೇನೆಂದಿದ್ದೆ. 1630ರ ನವೆಂಬರಿನಲ್ಲಿ, ತನಗೆ ಬರಬೇಕಾದ ಬಾಕಿಯ ಚಿಂತೆಯಲ್ಲಿ ಊರೂರು ತಿರುಗುತ್ತಿದ್ದ ಆತ ರೆಗೆನ್ಸ್‌ಬುರ್ಗಿನಲ್ಲಿ ಜ್ವರದಿಂದ ಮಡಿದಾಗ ‘ಸೋಮ್ನಿಯಂ’ ಅರ್ಧ ಅಚ್ಚಾಗಿ ನಿಂತಿತ್ತು. ಅಳಿಯ ಯಾಕೋಬ್ ಬಾರ್ತ್ಷ್ ಅದನ್ನು ಮುಂದುವರಿಸಲು ಕೈಹಾಕಿ 1633ರಲ್ಲಿ ತೀರಿಕೊಂಡ. ನಾಡಿನ ತುಂಬ ಮೂವತ್ತು ವರ್ಷಗಳ ಯುದ್ಧದ ಧಗೆ. ಕೆಪ್ಲರನ ಮೊದಲ ಹೆಂಡತಿಯ ಮಗ ಲುಡ್ವಿಗ್ ವೈದ್ಯಕ್ಕೆ ಓದಿದವನು, ದೇಶ ಸುತ್ತಿ ಬಂದಿದ್ದ. ಅವನ ಬಳಿಗೆ, ಕೆಪ್ಲರನ ಎರಡನೆಯ ಹೆಂಡತಿ ಸುಸಾನ, ಎಂದರೆ ಅವನ ಮಲತಾಯಿ, ಕೈಯಲ್ಲಿ ಕಾಸಿಲ್ಲದೆ ನಾಲ್ಕು ತಬ್ಬಲಿ ಮಕ್ಕಳನ್ನು ಕಟ್ಟಿಕೊಂಡು ಬಂದಳು. ಅವಳ ಗಂಟಿನಲ್ಲಿ ಪೂರ್ತಿಯಾಗದ ಚಂದ್ರಯಾತ್ರೆಯ ಅಚ್ಚಿನ ಹಾಳೆಗಳಿದ್ದವು. ಇದನ್ನು ಮುಗಿಸಿಕೊಡು ಎಂದು ಕೇಳಿದಳು. ಲುಡ್ವಿಗ್ ಮುಗಿಸಿಕೊಟ್ಟ. ಈ ಸಂಗತಿಯನ್ನು 1634ರ ಆ ಪುಸ್ತಕದ ಅರ್ಪಣೆಯಲ್ಲಿ ಅವನೇ ಬರೆದಿಟ್ಟಿದ್ದಾನೆ.